ಬೆಳೆಯುವ ಗರಿಗೆ ಕತ್ತರಿ ಹಾಕಬೇಡಿ

ಹಕ್ಕಿ ಮಾರುವ ಅಂಗಡಿಗಳಲ್ಲಿ ದುಡ್ಡು ಕೇಳದೆ ಮಾಡಿಕೊಡುವ ಕೆಲಸ ಒಂದಿದೆ. ಕಾಕಟೀಲನ್ನೋ ಲವ್ ಬರ್ಡ್ಸನ್ನೋ ಆರಿಸಿ, ಹಣ ಎಣಿಸಿಕೊಟ್ಟು, ತೂತು ಕೊರೆದ ರಟ್ಟಿನ ಡಬ್ಬಿಗೆ ಹಕ್ಕಿಯನ್ನು ಹಾಕಿಸಿಕೊಳ್ಳುವ ಹೊತ್ತಿಗೆ ಅಂಗಡಿಯವರು ಕೇಳುತ್ತಾರೆ: "ರೆಕ್ಕೆ ಕಟ್ ಮಾಡಿ ಕೊಡ್ಲಾ? ಹಾರಿ ಹೋಗಲ್ಲ, ಬೇಗ ಪಳಗುತ್ತೆ." ಮಕ್ಕಳು ಪಕ್ಕದಲ್ಲೇ ನಿಂತಿರುತ್ತಾರೆ. ಹಕ್ಕಿ ಹಾರಿಹೋದರೆ ಅವರನ್ನು ಸಮಾಧಾನ ಮಾಡುವವರು ಯಾರು ಎಂದು ಅಪ್ಪ ಅಮ್ಮ "ಹ್ಞೂಂ, ಮಾಡಿಬಿಡಿ" ಎನ್ನುತ್ತಾರೆ. ಅರೆನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಅದರ ಫಲ ತಿಂಗಳುಗಳು ಕಳೆದ ಮೇಲೆ ನನ್ನ ಮೇಜಿಗೆ ಬರುತ್ತದೆ. ನಾನು ಮೈಸೂರಿನಲ್ಲಿ ಪಶುವೈದ್ಯೆ. ನಾಯಿ ಬೆಕ್ಕುಗಳ ಜೊತೆಗೆ ಮನೆಯಲ್ಲಿ ಸಾಕಿದ ಹಕ್ಕಿಗಳನ್ನೂ ನೋಡುತ್ತೇನೆ. ಅಂಗಡಿಯಲ್ಲಿ ರೆಕ್ಕೆ ಕತ್ತರಿಸುವ ವಾಡಿಕೆ ನಿಲ್ಲಬೇಕು ಎಂದು ಹೇಳುವುದಕ್ಕೇ ಈ ಬರಹ. ಹಕ್ಕಿಯ ಸ್ವಾತಂತ್ರ್ಯದ ಮಾತನ್ನು ನನಗಿಂತ ಚೆನ್ನಾಗಿ ಆಡುವವರಿದ್ದಾರೆ. ನಾನು ಹೇಳುವುದು ಗರಿಯ ಬಗ್ಗೆ, ಅದರಲ್ಲೂ ಈಗಷ್ಟೇ ಹುಟ್ಟುತ್ತಿರುವ ಗರಿಯ ಬಗ್ಗೆ.

ಪೂರ್ತಿ ಬೆಳೆದ ಗರಿ ನಮ್ಮ ಉಗುರಿನ ತುದಿಯ ಹಾಗೆ ನಿರ್ಜೀವ. ಕತ್ತರಿಸಿದರೆ ನೋವಿಲ್ಲ, ರಕ್ತವಿಲ್ಲ. ರೆಕ್ಕೆ ಕತ್ತರಿಸುವುದರಿಂದ ಏನೂ ಆಗುವುದಿಲ್ಲ ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ, ಅಷ್ಟರಮಟ್ಟಿಗೆ ಅದು ನಿಜವೂ ಹೌದು. ಬೆಳೆಯುತ್ತಿರುವ ಗರಿಯ ಸಂಗತಿ ಬೇರೆ. ಅದು ಚರ್ಮದೊಳಗಿನ ಕುಳಿಯಿಂದ ತೆಳುವಾದ ಕೆರಾಟಿನ್ ಹೊದಿಕೆಯೊಳಗೆ ಸುತ್ತಿಕೊಂಡೇ ಮೇಲೆ ಬರುತ್ತದೆ. ಆ ಹೊದಿಕೆಯೊಳಗೆ ರಕ್ತನಾಳವಿರುತ್ತದೆ, ಬುಡದಲ್ಲಿ ನರವಿರುತ್ತದೆ. ಬೆಳವಣಿಗೆ ಮುಗಿಯುತ್ತ ಬಂದಂತೆ ರಕ್ತ ತುದಿಯಿಂದ ಬುಡಕ್ಕೆ ಹಿಂದೆ ಸರಿಯುತ್ತದೆ, ಹೊದಿಕೆ ಒಣಗಿ ಬಿಳಿ ಹೊಟ್ಟಾಗಿ ಉದುರುತ್ತದೆ, ಒಳಗಿನ ಗರಿ ಬಿಚ್ಚಿಕೊಳ್ಳುತ್ತದೆ. ರೆಕ್ಕೆಯ ದೊಡ್ಡ ಗರಿಗೆ ಇಷ್ಟಾಗಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಅದು ರಕ್ತ ತುಂಬಿದ ಒಂದು ನಳಿಕೆ. ಹಕ್ಕಿ ಸಾಕುವವರು ಇದನ್ನು ಬ್ಲಡ್ ಫೆದರ್ ಎನ್ನುತ್ತಾರೆ.

ಗುರುತಿಸುವುದು ಕಷ್ಟವೇನಲ್ಲ. ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ, ದೀಪದ ಬೆಳಕಿಗೆ ಹಿಡಿದು, ಅಡಿಭಾಗದಿಂದ ಒಂದೊಂದೇ ಗರಿಯ ಕಡ್ಡಿ ನೋಡಬೇಕು. ಬೆಳೆದ ಗರಿಯ ಕಡ್ಡಿ ಬುಡದಲ್ಲಿ ಟೊಳ್ಳಾಗಿ, ಬಿಳುಪಾಗಿ ಕಾಣುತ್ತದೆ. ಬೆಳೆಯುತ್ತಿರುವುದು ದಪ್ಪಗೆ, ನೀಲಿ ಮಿಶ್ರಿತ ಕೆಂಪಾಗಿರುತ್ತದೆ. ಹಳದಿ ಬಿಳಿಯ ಲುಟಿನೋ ಕಾಕಟೀಲಿನಲ್ಲಿ ಇದು ಸಲೀಸಾಗಿ ಕಾಣುತ್ತದೆ. ಬೂದು ಬಣ್ಣದ ಕಾಕಟೀಲಿನಲ್ಲಿ ಕಡ್ಡಿಯೇ ಕಪ್ಪಾಗಿರುವುದರಿಂದ ಮೋಸ ಹೋಗುವುದು ಸುಲಭ. ಅರೆನಿಮಿಷದಲ್ಲಿ ಕತ್ತರಿ ಆಡಿಸಿ ಮುಗಿಸುವವರು ಇಷ್ಟೆಲ್ಲ ನೋಡಿರುತ್ತಾರೆಯೇ ಎಂದು ಯೋಚಿಸಿ.

ರಕ್ತದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ "ನಾಲ್ಕು ಹನಿ ಹೋದರೆ ಏನಾಯ್ತು?" ಎಂಬ ಪ್ರಶ್ನೆ ಬರುತ್ತಲೇ ಇರುತ್ತದೆ. ಹಕ್ಕಿಯ ಮೈಯಲ್ಲಿ ಅದರ ತೂಕದ ಸುಮಾರು ಹತ್ತನೇ ಒಂದು ಪಾಲು ರಕ್ತ. ಬಜರಿಗಾರ್ ಹಕ್ಕಿ (ನಮ್ಮಲ್ಲಿ ಬಹುತೇಕರು ಲವ್ ಬರ್ಡ್ಸ್ ಎಂದು ಕರೆಯುವುದು ಇದನ್ನೇ) ತೂಗುವುದು 30ರಿಂದ 35 ಗ್ರಾಂ. ಅಂದರೆ ಅದರಲ್ಲಿರುವ ರಕ್ತ ಮೂರು ಮಿಲಿಲೀಟರ್‌ಗಿಂತ ಸ್ವಲ್ಪ ಹೆಚ್ಚು, ಒಂದು ಟೀ ಚಮಚಕ್ಕೂ ಕಡಿಮೆ. ಅದರಲ್ಲಿ ಹತ್ತನೇ ಒಂದು ಭಾಗ ಹೋಗುವವರೆಗೆ ಆರೋಗ್ಯವಂತ ಹಕ್ಕಿ ತಡೆದುಕೊಳ್ಳುತ್ತದೆ, ಆಮೇಲೆ ನನಗೆ ಆತಂಕ ಶುರು. ಹನಿಯಲ್ಲಿ ಹೇಳುವುದಾದರೆ ಬಜರಿಗಾರ್‌ಗೆ ಅದು ಆರೇಳು ಹನಿ. ತೊಂಬತ್ತು ಗ್ರಾಂ ತೂಗುವ ಕಾಕಟೀಲಿಗೆ ಹದಿನೆಂಟು ಹನಿಯ ಆಸುಪಾಸು. ಮುರಿದ ಬ್ಲಡ್ ಫೆದರ್ ಹನಿ ಹನಿಯಾಗಿ ಸೋರುತ್ತ ಇದ್ದರೆ ಇದು ಬೇಗ ದಾಟಿಹೋಗುತ್ತದೆ.

ಈಗ ಕತ್ತರಿಯ ವಿಷಯಕ್ಕೆ ಬರೋಣ. ಗಿಣಿ ಜಾತಿಯ ಹಕ್ಕಿಯ ರೆಕ್ಕೆಯ ತುದಿಯಲ್ಲಿ ಹತ್ತು ದೊಡ್ಡ ಗರಿಗಳಿವೆ. ಹಾರಾಟಕ್ಕೆ ಮುಂದಕ್ಕೆಳೆಯುವ ಬಲ ಕೊಡುವುದು ಇವು. ಹಳೆಯ ಗರಿ ಉದುರಿ ಹೊಸದು ಬರುವಾಗ ಎಲ್ಲವೂ ಒಟ್ಟಿಗೆ ಉದುರುವುದಿಲ್ಲ. ಎರಡೂ ರೆಕ್ಕೆಗಳಲ್ಲಿ ಒಂದೋ ಎರಡೋ ಉದುರಿ, ಅವು ಬೆಳೆದುಕೊಂಡ ಮೇಲೆ ಮುಂದಿನವು. ಹೀಗಾಗಿ ಹೊಸ ಗರಿಯ ಆಚೆಗೊಂದು ಈಚೆಗೊಂದು ಗಟ್ಟಿಮುಟ್ಟಾದ ಹಳೆಯ ಗರಿ ಇದ್ದೇ ಇರುತ್ತದೆ. ತೋಟದಲ್ಲಿ ಬಾಳೆಯ ಕಂದು ದೊಡ್ಡ ಗಿಡಗಳ ಮರೆಯಲ್ಲಿ ಗಾಳಿಯಿಂದ ತಪ್ಪಿಸಿಕೊಂಡು ಬೆಳೆಯುವ ಹಾಗೆ ಆ ಹೊಸ ಗರಿ ಎರಡು ಹಳೆಯ ಗರಿಗಳ ನಡುವೆ ಬೆಳೆಯುತ್ತದೆ. ಕತ್ತರಿಸಿದ ರೆಕ್ಕೆಯಲ್ಲಿ ಈ ಮರೆಯೇ ಇಲ್ಲ. ಕತ್ತರಿಸಿದ ಮೋಟುಗಳು ತಾವಾಗಿ ಉದುರುವವರೆಗೆ ಅಲ್ಲೇ ಇರುತ್ತವೆ, ಅವುಗಳ ನಡುವೆ ರಕ್ತ ತುಂಬಿದ ಹೊಸ ಗರಿ ಒಂಟಿಯಾಗಿ ಹೊರಗೆ ಚಾಚಿಕೊಳ್ಳುತ್ತದೆ. ಪಂಜರದ ಸರಳಿಗೆ ತಗುಲಿದರೆ ಪಟ್ಟೆಂದು ಮುರಿಯುವುದು ಅದೇ. ರೆಕ್ಕೆ ಕತ್ತರಿಸಿದ ಹಕ್ಕಿ ಜಿಗಿದಾಗ ಹಾರಲಾರದೆ ನೆಲಕ್ಕೆ ಬೀಳುತ್ತದೆ, ಬೀಳುವಾಗ ರೆಕ್ಕೆಯನ್ನೇ ನೆಲಕ್ಕೆ ಊರುತ್ತದೆ. ಮತ್ತೆ ಮುರಿಯುತ್ತದೆ. ಒಮ್ಮೆ ಕತ್ತರಿಸಿದ್ದು ವರ್ಷದ ಉದ್ದಕ್ಕೂ ಹೀಗೆ ಕಾಡಬಹುದು.

ಕುವೆಂಪುನಗರದ ಒಬ್ಬ ಅಜ್ಜಿ ಒಂದು ಸಂಜೆ ಮೊಮ್ಮಗನ ಜೊತೆ ಬಂದರು. ಸ್ನಾನದ ಟವೆಲಿನಲ್ಲಿ ಸುತ್ತಿದ ಲುಟಿನೋ ಕಾಕಟೀಲು, ಟವೆಲಿನ ತುಂಬ ಕೆಂಪು ಚುಕ್ಕೆ. "ಕಾಫಿಪುಡಿ ಹಾಕಿ ಒತ್ತಿದೀನಿ ಕಣಮ್ಮ, ಆದ್ರೂ ನಿಲ್ತಾ ಇಲ್ಲ" ಎಂದರು. ನಮ್ಮ ಮನೆಗಳಲ್ಲಿ ಕೈ ಕೊಯ್ದುಕೊಂಡರೆ ಕಾಫಿಪುಡಿ ಅದುಮುವುದು ರೂಢಿ. ಅಜ್ಜಿ ತಮಗೆ ತಿಳಿದ ಔಷಧವನ್ನೇ ಪ್ರೀತಿಯಿಂದ ಮಾಡಿದ್ದರು. ಆದರೆ ಹಕ್ಕಿ ತನ್ನ ಗಾಯವನ್ನು ಕೊಕ್ಕಿನಿಂದಲೇ ತೀಡಿಕೊಳ್ಳುತ್ತದೆ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಕಾಫಿಯ ಕೆಫೀನ್ ಹಕ್ಕಿಯ ಹೃದಯಕ್ಕೆ ವಿಷ.

ಟವೆಲಿನಿಂದ ಎಡ ರೆಕ್ಕೆಯನ್ನಷ್ಟೇ ಹೊರಗೆ ತೆಗೆದೆ. ಹಕ್ಕಿಯನ್ನು ಹಿಡಿಯುವಾಗ ಎದೆಯನ್ನು ಅಮುಕಬಾರದು. ನಮಗಿರುವಂತೆ ಅವಕ್ಕೆ ವಪೆ ಇಲ್ಲ, ಎದೆಯ ಮೂಳೆ ಹಿಂದೆ ಮುಂದೆ ಆಡಿದರೇ ಉಸಿರು. ಬಿಗಿಯಾಗಿ ಹಿಡಿದರೆ ಕೈಯಲ್ಲೇ ಉಸಿರುಕಟ್ಟುತ್ತದೆ. ಉಗುರು ಬೆಚ್ಚಗಿನ ಸಲೈನ್‌ನಲ್ಲಿ ಕಾಫಿಪುಡಿ ತೊಳೆದ ಮೇಲೆ ಸಂಗತಿ ಕಂಡಿತು: ಹೊರಗಿನ ಗರಿಗಳೆಲ್ಲ ಒಂದೇ ಅಳತೆಗೆ ಕತ್ತರಿಸಿದ ಮೋಟುಗಳು, ನಡುವೆ ಒಂದೇ ಒಂದು ಹೊಸ ಗರಿ, ಅದರ ಕಡ್ಡಿ ಅರ್ಧದಲ್ಲಿ ಸೀಳಿದೆ, ಸೀಳಿನ ಬಾಯಲ್ಲಿ ಒಂದು ಹನಿ ಊದಿ, ಬಿದ್ದು, ಮತ್ತೆ ಊದುತ್ತಿದೆ. ಕಾರ್ನ್‌ಫ್ಲೋರ್ ಹಚ್ಚಿ, ಗಾಜ್ ಬಟ್ಟೆಯ ತುಂಡಿನಿಂದ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಕಾದೆ. ಇಣುಕಿ ನೋಡಲು ಆಗಾಗ ಕೈ ತೆಗೆಯಬಾರದು, ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ಸ್ವಲ್ಪ ಹೊತ್ತಿಗೆ ನಿಂತಿತು. ಹಕ್ಕಿಯನ್ನು ಮಂಕು ಬೆಳಕಿನ ಬೆಚ್ಚನೆಯ ಪೆಟ್ಟಿಗೆಯಲ್ಲಿ ಬಿಟ್ಟು ಒಂದು ಗಂಟೆ ನಿಗಾ ಇಟ್ಟೆವು. ಮೊಮ್ಮಗ ಆ ಪೆಟ್ಟಿಗೆಯ ಪಕ್ಕದಿಂದ ಕದಲಲೇ ಇಲ್ಲ.

"ಆ ಗರಿಯನ್ನು ಕಿತ್ತುಬಿಡಬೇಕಂತೆ, ವಿಡಿಯೋದಲ್ಲಿ ನೋಡಿದೆ" ಎಂದು ಹುಡುಗ ಕೇಳಿದ. ಈ ಸಲಹೆ ಹಳೆಯದು, ಇಂದಿಗೂ ಎಲ್ಲೆಲ್ಲೂ ಓಡಾಡುತ್ತಿದೆ. ಇಕ್ಕಳದಲ್ಲಿ ಹಿಡಿದು ಒಂದೇ ಏಟಿಗೆ ಎಳೆದುಬಿಡಿ, ರಕ್ತ ನಿಲ್ಲುತ್ತದೆ ಎನ್ನುತ್ತಾರೆ. ದಯವಿಟ್ಟು ಮನೆಯಲ್ಲಿ ಇದನ್ನು ಮಾಡಬೇಡಿ. ರೆಕ್ಕೆಯ ದೊಡ್ಡ ಗರಿಗಳು ಚರ್ಮಕ್ಕಷ್ಟೇ ಅಂಟಿಕೊಂಡಿರುವುದಿಲ್ಲ, ಅವುಗಳ ಬುಡ ಮೂಳೆಗೇ ಬಿಗಿದಿರುತ್ತದೆ. ಬೆಳೆಯುವ ಗರಿಯನ್ನು ಎಳೆದರೆ ಹಕ್ಕಿಗೆ ತಡೆಯಲಾರದ ನೋವು. ಕೈ ತಪ್ಪಿದರೆ ಕಡ್ಡಿಯಷ್ಟು ತೆಳ್ಳನೆಯ ಮೂಳೆ ಮುರಿಯುತ್ತದೆ. ಗರಿ ಹುಟ್ಟುವ ಕುಳಿ ಹರಿದರೆ ಅಲ್ಲಿಂದ ರಕ್ತ ಇನ್ನೂ ಹೆಚ್ಚಾಗಬಹುದು, ಮುಂದೆ ಆ ಜಾಗದಲ್ಲಿ ಗರಿ ಸೊಟ್ಟಗೆ ಬರಬಹುದು, ಬಾರದೆಯೂ ಇರಬಹುದು. ಎಷ್ಟು ಒತ್ತಿದರೂ ರಕ್ತ ನಿಲ್ಲದಿದ್ದಾಗ ಮಾತ್ರ, ಅದೂ ನೋವಿಗೆ ಔಷಧ ಕೊಟ್ಟು, ಬೇಕಾದರೆ ಅರಿವಳಿಕೆ ಕೊಟ್ಟು, ವೈದ್ಯರು ಕೀಳುತ್ತಾರೆ. ರಕ್ತ ನಿಂತ ಗರಿಯನ್ನು ಅದರ ಪಾಡಿಗೆ ಬಿಟ್ಟರೆ ಒಣಗಿ ತಾನೇ ಉದುರುತ್ತದೆ. ಆ ಅಜ್ಜಿಯ ಕಾಕಟೀಲಿಗೂ ಹಾಗೇ ಆಯಿತು.

ಮನೆಯಲ್ಲಿ ಮಾಡಬೇಕಾದದ್ದು ಅಡುಗೆಮನೆಯ ಕಾರ್ನ್‌ಫ್ಲೋರ್, ಶುಚಿಯಾದ ಬಟ್ಟೆ, ಒತ್ತಿ ಹಿಡಿಯುವ ತಾಳ್ಮೆ, ಆಮೇಲೆ ಮಂಕು ಬೆಳಕು ಮತ್ತು ಮೌನ. ಮನುಷ್ಯರ ನೋವಿನ ಮಾತ್ರೆ ಪುಡಿ ಮಾಡಿ ಹಾಕುವುದು ಬೇಡವೇ ಬೇಡ. ನಿಂತ ರಕ್ತ ಮತ್ತೆ ಶುರುವಾದರೆ, ಹಕ್ಕಿ ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತರೆ, ಬೆಳಗಾಗಲಿ ಎಂದು ಕಾಯಬಾರದು.

ಗರಿ ಮುರಿದು ರಕ್ತ ಸೋರುತ್ತಿದೆ ಎಂಬ ಫೋನುಗಳು ನನಗೆ ದೀಪಾವಳಿಯ ರಾತ್ರಿಗಳಲ್ಲಿ ಹೆಚ್ಚು. ಕಾಕಟೀಲುಗಳು ಕತ್ತಲಲ್ಲಿ ಬೆಚ್ಚಿಬೀಳುವುದಕ್ಕೆ ಹೆಸರಾದವು. ಪಟಾಕಿ ಸಿಡಿದರೆ, ಬೆಕ್ಕಿನ ನೆರಳು ಕಿಟಕಿಯಲ್ಲಿ ಆಡಿದರೆ, ಹಲ್ಲಿ ಪಂಜರದ ಮೇಲೆ ಬಿದ್ದರೂ ಸಾಕು, ಏನೂ ಕಾಣದೆ ಒಳಗೇ ಗಿರ್ರನೆ ಹಾರಾಡಿ ಸರಳುಗಳಿಗೆ ರೆಕ್ಕೆ ಬಡಿದುಕೊಳ್ಳುತ್ತವೆ. ಪಂಜರವನ್ನು ಪೂರ್ತಿ ಕತ್ತಲು ಮಾಡದೆ ಹತ್ತಿರದಲ್ಲೊಂದು ಜೀರೋ ಬಲ್ಬ್ ಉರಿಸಿಡಿ. ಕರೆಂಟ್ ಹೋಗುವ ಊರಾದರೆ ಅದು ಇನ್ವರ್ಟರಿನ ಲೈನಿನಲ್ಲಿರಲಿ. ಬೀದಿಯ ಕಡೆಯ ಕೋಣೆಯಿಂದ ಹಬ್ಬದ ಮಟ್ಟಿಗಾದರೂ ಪಂಜರವನ್ನು ಒಳಗೆ ತನ್ನಿ.

ರೆಕ್ಕೆ ಕತ್ತರಿಸಲು ಹೇಳುವ ಕಾರಣಗಳಲ್ಲಿ ಒಂದನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ. ಅದು ಸೀಲಿಂಗ್ ಫ್ಯಾನ್. ನಮ್ಮ ಮನೆಗಳಲ್ಲಿ ಪ್ರತಿ ಕೋಣೆಯಲ್ಲೂ ಫ್ಯಾನ್ ತಿರುಗುತ್ತಿರುತ್ತದೆ, ಅದಕ್ಕೆ ಸಿಕ್ಕ ಹಕ್ಕಿಗಳನ್ನು ಉಳಿಸಲಾಗದೆ ಕೈಚೆಲ್ಲಿದ ದಿನಗಳ ನೆನಪು ಈಗಲೂ ನೋಯಿಸುತ್ತದೆ. ಒಲೆಯ ಮೇಲೆ ಕುದಿಯುವ ಸಾರು, ತೆರೆದ ಬಾಗಿಲು, ಇವೂ ಅಪಾಯವೇ. ಆದರೆ ಕತ್ತರಿಸಿದ ಹಕ್ಕಿ ಹಾರುವುದೇ ಇಲ್ಲ ಎಂದುಕೊಳ್ಳುವುದು ತಪ್ಪು. ಬೆದರಿದಾಗ, ಒಂದೆರಡು ಗರಿ ಮತ್ತೆ ಬೆಳೆದಾಗ, ಹೊರಗೆ ಬೀಸುಗಾಳಿ ಇದ್ದಾಗ ಅದೂ ಮೇಲೇಳುತ್ತದೆ, ಆದರೆ ತಿರುಗಲು ಬಾರದು, ನಿಲ್ಲಲು ಬಾರದು. ಕತ್ತರಿಸಿದೆ ಎಂಬ ಧೈರ್ಯದ ಮೇಲೆ ಹೆಗಲ ಮೇಲೆ ಕೂರಿಸಿಕೊಂಡು ತಾರಸಿಗೆ ಹೋದವರೇ ಹಕ್ಕಿ ಕಳೆದುಕೊಂಡು ಬಂದು ಅಳುತ್ತಾರೆ. ಫ್ಯಾನಿಗೆ ಸರಿಯಾದ ಉಪಾಯ ಫ್ಯಾನಿನ ಸ್ವಿಚ್ಚಿನಲ್ಲೇ ಇದೆ. ಹಕ್ಕಿಯನ್ನು ಹೊರಬಿಡುವ ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ಆ ಹೊತ್ತಿನಲ್ಲಿ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ, ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ, ಕನ್ನಡಿಗೆ ಬಟ್ಟೆ ಮುಚ್ಚಿ, ಅಡುಗೆಮನೆಯ ಬಾಗಿಲು ಹಾಕಿ.

"ಬೇಗ ಪಳಗುತ್ತೆ" ಎಂಬ ಮಾತನ್ನು ನಾನು ಒಪ್ಪುವುದೇ ಇಲ್ಲ. ಓಡಿಹೋಗಲು ದಾರಿಯಿಲ್ಲದ ಜೀವ ಸುಮ್ಮನೆ ಕೂತಿದ್ದರೆ ಅದು ನಂಬಿಕೆಯಲ್ಲ. ಅಂಗೈಯಲ್ಲಿ ನವಣೆ ತೆನೆ ಹಿಡಿದು ದಿನಾ ಒಂದೇ ಹೊತ್ತಿಗೆ ಕೂತರೆ ಹಾರಬಲ್ಲ ಹಕ್ಕಿ ತಾನಾಗಿ ಬಂದು ಕೂರುತ್ತದೆ. ಅದರಲ್ಲೂ ಗೂಡಿನಿಂದ ಆಗಷ್ಟೇ ಹೊರಬಿದ್ದ ಮರಿಗಳ ರೆಕ್ಕೆ ಕತ್ತರಿಸುವುದು ಬಹಳ ಕೆಟ್ಟದ್ದು. ಹಾರಲು, ತಿರುಗಲು, ಇಳಿಯಲು ಕಲಿಯುವ ವಯಸ್ಸು ಅದು. ಆಗ ಕಲಿಯದಿದ್ದರೆ ಮುಂದೆ ಗರಿ ಬಂದರೂ ಹಕ್ಕಿ ಗೋಡೆಗೆ ಬಡಿದುಕೊಳ್ಳುತ್ತದೆ. ಪಂಜರದಲ್ಲೇ ಹುಟ್ಟಿದ್ದಕ್ಕೆ ಹಾರಾಟ ಏಕೆ ಎನ್ನುವವರೂ ಇದ್ದಾರೆ. ಜಾನ್ ಗೂಲ್ಡ್ ಎಂಬ ಪಕ್ಷಿತಜ್ಞ ಬಜರಿಗಾರ್‌ಗಳನ್ನು ಆಸ್ಟ್ರೇಲಿಯಾದಿಂದ ಇಂಗ್ಲೆಂಡಿಗೆ ತಂದದ್ದು 1840ರಲ್ಲಿ. ಅಲ್ಲಿಂದೀಚೆಗೆ ಅವು ಎಷ್ಟೋ ತಲೆಮಾರು ಪಂಜರದಲ್ಲಿ ಕಳೆದಿರಬಹುದು, ಆದರೆ ಎದೆಯ ಆ ದೊಡ್ಡ ಮಾಂಸಖಂಡ, ಮೈಯೆಲ್ಲ ಹರಡಿದ ಗಾಳಿಚೀಲ ಎಲ್ಲವೂ ಹಾರಾಟಕ್ಕೆಂದೇ ಇವೆ. ಹಾರದ ಹಕ್ಕಿಗೆ ಕೊಬ್ಬು ಕಟ್ಟುತ್ತದೆ, ಯಕೃತ್ತು ಕೆಡುತ್ತದೆ.

ಕತ್ತರಿಸಲೇಬೇಕಾದ ಸಂದರ್ಭ ಅಪರೂಪಕ್ಕೆ ಇರುತ್ತದೆ. ಆಗಲೂ ಎರಡೂ ರೆಕ್ಕೆ ಸಮನಾಗಿ, ಹೊರಗಿನ ಕೆಲವೇ ಗರಿಗಳನ್ನು, ಪ್ರತಿ ಕಡ್ಡಿಯನ್ನೂ ಬೆಳಕಿಗೆ ಹಿಡಿದು ನೋಡಿ, ಪಳಗಿದ ಕೈ ಮಾಡಬೇಕಾದ ಕೆಲಸ ಅದು. ಒಂದೇ ರೆಕ್ಕೆ ಕತ್ತರಿಸಿ ಕೊಡುವುದನ್ನು ನಾನು ಈಗಲೂ ನೋಡುತ್ತೇನೆ. ಆ ಹಕ್ಕಿ ಗಿರಕಿ ಹೊಡೆದು ಎದೆಯ ಮೂಳೆಯ ಮೇಲೆ ಬಿದ್ದು ಚರ್ಮ ಸೀಳಿಕೊಂಡು ಬರುತ್ತದೆ. ಆ ಗಾಯ ಮಾಯುವುದಕ್ಕೂ ಮತ್ತೆ ಬೀಳುವುದಕ್ಕೂ ಪೈಪೋಟಿ.

ನಮ್ಮ ಕಾಡುಮೇಡಿನ ಗಿಣಿಗಳ ಪಾಡು ಇನ್ನೂ ಕಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೆಂಪು ಕೊರಳಪಟ್ಟಿಯ ಗಿಣಿಯನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಆದರೂ ಗಿಣಿಶಾಸ್ತ್ರದವರ ಪೆಟ್ಟಿಗೆಯಲ್ಲಿ, ಹಳ್ಳಿ ಮನೆಗಳ ಜಗಲಿಯಲ್ಲಿ ರೆಕ್ಕೆ ಕತ್ತರಿಸಿಕೊಂಡು ಅವು ಇವೆ. ಅರಣ್ಯ ಇಲಾಖೆಯವರು ಬಿಡಿಸಿ ತಂದರೂ ತಕ್ಷಣ ಬಿಡುವಂತಿಲ್ಲ. ಮೋಟು ಉದುರಿ ಹೊಸ ಗರಿ ಬರುವವರೆಗೆ ತಿಂಗಳುಗಟ್ಟಲೆ ಇನ್ನೊಂದು ಪಂಜರದಲ್ಲಿ ಕಾಯಬೇಕು.

ಇಲ್ಲಿ ಒಂದು ಹಳೆಯ ವಿದ್ಯೆ ನೆರವಿಗೆ ಬರುತ್ತದೆ. ಗಿಡುಗ ಸಾಕುವವರು ಶತಮಾನಗಳಿಂದ ಮುರಿದ ಗರಿಗೆ ಗರಿ ಕಸಿ ಮಾಡುತ್ತ ಬಂದಿದ್ದಾರೆ. ಮೋಟಿನ ಟೊಳ್ಳಿಗೆ ಸಣ್ಣ ಬಿದಿರಿನ ಕಡ್ಡಿ ತೂರಿಸಿ, ಅದೇ ಜಾತಿಯ ಹಕ್ಕಿಯ ಉದುರಿದ ಗರಿಯನ್ನು ಅದೇ ಸ್ಥಾನ, ಅದೇ ಕೋನ ನೋಡಿ ಕೂರಿಸಿ ಅಂಟಿಸುತ್ತಾರೆ. ನಿರ್ಜೀವ ಗರಿಗೆ ನಿರ್ಜೀವ ಗರಿ, ಹಾಗಾಗಿ ನೋವಿಲ್ಲ. ಗಿಡುಗಗಳ ಬೇಟೆ ನಮಗೇನೂ ಹೊಸತಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅದಕ್ಕೆಂದೇ ಒಂದು ಭಾಗವಿದೆ. ಇಂದು ಬೇಟೆ ಬೇಡ, ಆದರೆ ಆ ಕೈಚಳಕ ನಮ್ಮ ಪಶುವೈದ್ಯ ವಿದ್ಯಾರ್ಥಿಗಳಿಗೆ ಬೇಕು. ನಾನು ಓದುವಾಗ ಹಕ್ಕಿ ಎಂದರೆ ಕೋಳಿ ಎಂದೇ ಅರ್ಥ. ಹಸು, ಎಮ್ಮೆ, ಕುರಿ, ಕೋಳಿ ನಮ್ಮ ರೈತರ ಬದುಕು, ಅವಕ್ಕೆ ಮೊದಲ ಮಣೆ ಸರಿ. ಆದರೆ ನಗರಗಳಲ್ಲಿ ಹಕ್ಕಿ ಸಾಕುವ ಮನೆಗಳು ಹೆಚ್ಚುತ್ತಿರುವಾಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳು ಒಂದಿಷ್ಟು ಪಾಠವನ್ನು ಇವುಗಳಿಗೂ ಮೀಸಲಿಡಲಿ.

2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಹಕ್ಕಿ ಮಾರುವ ಅಂಗಡಿ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಆ ನೋಂದಣಿಯ ಹೊತ್ತಿನಲ್ಲೇ ನಮ್ಮ ಮಂಡಳಿ ಅಂಗಡಿಯವರಿಗೆ ಖಚಿತವಾಗಿ ಹೇಳಲಿ: ಅಂಗಡಿಯಲ್ಲಿ ರೆಕ್ಕೆಗೆ ಕತ್ತರಿ ಇಲ್ಲ, ಬೇಕೆಂದವರು ವೈದ್ಯರ ಬಳಿ ಹೋಗಲಿ. ಪ್ರತಿ ಹಕ್ಕಿಯ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಲಿ, ಬ್ಲಡ್ ಫೆದರ್ ಮುರಿದರೆ ಏನು ಮಾಡಬೇಕು, ಏನು ಹಚ್ಚಬಾರದು ಎಂದು ಬರೆದು. ಅಂಗಡಿಯವರನ್ನು ನಾನು ದೂರುವುದಿಲ್ಲ. ಕೊಳ್ಳುವವರು ಕೇಳುತ್ತಾರೆ, ಅವರು ಮಾಡಿಕೊಡುತ್ತಾರೆ. ಅವರಲ್ಲಿ ಕೆಲವರು ನನ್ನ ಮಾತು ಕೇಳಿ ಕತ್ತರಿ ಕೆಳಗಿಟ್ಟೂ ಇದ್ದಾರೆ.

ಈಗಾಗಲೇ ರೆಕ್ಕೆ ಕತ್ತರಿಸಿದ ಹಕ್ಕಿ ಮನೆಯಲ್ಲಿದ್ದರೆ, ಹೊಸ ಗರಿಗಳನ್ನು ಕಾಪಾಡುವುದು ನಿಮ್ಮ ಕೈಯಲ್ಲೇ ಇದೆ. ಕೂರುವ ಕೋಲುಗಳನ್ನು ತಗ್ಗಿಗೆ ಇಳಿಸಿ, ಪಂಜರದ ತಳಕ್ಕೆ ದಪ್ಪ ಬಟ್ಟೆ ಹಾಸಿ. ರೆಕ್ಕೆ ಚಾಚಿದರೆ ಎರಡೂ ಕಡೆ ಸರಳು ತಗುಲದಷ್ಟು ದೊಡ್ಡ ಪಂಜರ ಬೇಕು. ಬರೀ ನವಣೆ, ಸೂರ್ಯಕಾಂತಿ ಬೀಜದಿಂದ ಒಳ್ಳೆಯ ಗರಿ ಬಾರದು. ಗರಿ ಎಂದರೆ ಪ್ರೋಟೀನು, ಅದು ಹೊಟ್ಟೆಯಿಂದಲೇ ಬರಬೇಕು. ಬೇಯಿಸಿದ ಮೊಟ್ಟೆಯ ಚೂರು, ಮೊಳಕೆ ಕಟ್ಟಿದ ಹೆಸರುಕಾಳು, ನುಗ್ಗೆಸೊಪ್ಪು, ಕ್ಯಾರೆಟ್ ತುರಿ ಕೊಡಿ. ಬೆಣ್ಣೆಹಣ್ಣು ಮಾತ್ರ ಬೇಡ, ಅದು ವಿಷ. ಬಿದ್ದ ಗರಿಯನ್ನು ಬಿಸಾಡದೆ ಬೆಳಕಿಗೆ ಹಿಡಿದು ನೋಡಿ. ಅಡ್ಡಡ್ಡ ತೆಳು ಗೆರೆಗಳಿದ್ದರೆ, ಅದು ಬೆಳೆಯುವಾಗ ಹಕ್ಕಿ ಹಸಿದಿತ್ತು ಅಥವಾ ಕಾಯಿಲೆ ಬಿದ್ದಿತ್ತು, ಬೆದರಿತ್ತು ಎಂದು ತಿಳಿಯಿರಿ. ಗರಿ ಮುರಿಯುವುದೂ ಆ ಗೆರೆಯಲ್ಲೇ. ಹೊಸ ಗರಿಗಳು ಬುಡದಲ್ಲಿ ಹಿಸುಕಿದಂತೆ, ಗಂಟುಗಂಟಾಗಿ ಬರುತ್ತಿದ್ದರೆ ಅದು ವೈರಸ್ ಕಾಯಿಲೆಯೂ ಇರಬಹುದು. ಪರೀಕ್ಷೆ ಆಗುವವರೆಗೆ ಬೇರೆ ಹಕ್ಕಿಗಳಿಂದ ದೂರವಿಡಿ.

ತಲೆಯ ಮೇಲೆ ಮುಳ್ಳು ಮುಳ್ಳಾಗಿ ಎದ್ದ ಹೊಸ ಗರಿಗಳನ್ನು ಒಂಟಿ ಹಕ್ಕಿ ತಾನೇ ತೀಡಿಕೊಳ್ಳಲಾರದು, ಜೊತೆಗಾರ ಮಾಡಬೇಕಾದ ಕೆಲಸ ಅದು. ಹೊದಿಕೆ ಬೆಳ್ಳಗೆ ಒಣಗಿದ ಮೇಲಷ್ಟೇ ಎರಡು ಉಗುರುಗಳ ನಡುವೆ ತುದಿಯಿಂದ ಮೆಲ್ಲಗೆ ಹೊಸಕಿದರೆ ಪುಡಿಯಾಗಿ ಉದುರುತ್ತದೆ. ಬುಡ ಇನ್ನೂ ಕಪ್ಪಗಿದ್ದರೆ ಮುಟ್ಟಬೇಡಿ, ಹಕ್ಕಿ ಚೀರಿ ಹೇಳುತ್ತದೆ. ಬಿಸಿಲಿನ ಹೊತ್ತಿನಲ್ಲಿ ಬರೀ ನೀರನ್ನು ಮಂಜಿನಂತೆ ಸಿಂಪಡಿಸಿದರೆ ಹೊದಿಕೆ ಬೇಗ ಬಿಡುತ್ತದೆ.